ಜಮಾಲಬಿಯ ಕೌದಿ

ಮೊರಬ ಊರಿನ ಹಳೆಯ ಮಂದಿಯ ಚರಿತ್ರೆ ಪುಸ್ತಕವಾಗುತ್ತದೆಂದು ಕೇಳಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಓದು ಬಾರದ ರೇವವ್ವ. ಹೈಸ್ಕೂಲಿನ ಹೇಮಂತ ಮಾಸ್ತರರು ತಾವು ಬರೆದದ್ದನ್ನು ಪಂಚಾಯಿತಿ ಕಟ್ಟೆಯ ಮೇಲೆ ಓದಿ ಹೇಳುವಾಗ ಆಕೆ ಮುಂದೆಯೇ ಕೂತಿದ್ದಳು. ಬರಹದಲ್ಲಿ ಗೌಡರು ಬಂದರು, ಪೈಲ್ವಾನರು ಬಂದರು, ಭಜನೆಯವರೂ ಬಂದರು. ಹಾಳೆ ಮುಗಿದರೂ ಸೂಲಗಿತ್ತಿ ಜಮಾಲಬಿಯ ಹೆಸರು ಮಾತ್ರ ಬರಲಿಲ್ಲ.

"ಮಾಸ್ತರ, ಅರ್ಧಾ ಊರಿನ ಹೊಕ್ಕಳಬಳ್ಳಿ ಕೊಯ್ದಾಕಿನ್ನ ಬಿಟ್ರೆಲ್ರಿ!"

"ದಾಖಲೆ ಬೇಕಲ್ರಿ ಆಯಿ. ಅವರದೊಂದು ಚೀಟೀನೂ ಸಿಗಲಿಲ್ಲ. ನಾಳೆ ಪುಸ್ತಕ ಪ್ರೆಸ್ಸಿಗೆ ಹೋಗತೈತಿ."

ಮಕ್ಕಳಿಲ್ಲದ ಜಮಾಲಬಿ ಸಾಯುವ ಮುಂದೆ ತಾನು ತುಂಡು ಬಟ್ಟೆ ಜೋಡಿಸಿ ಹೊಲಿದ ಕೌದಿಯನ್ನು ರೇವವ್ವನ ಮಡಿಲಿಗೆ ಹಾಕಿ, "ನನ್ನ ಹೆಸರಿಗೆ ಇದೊಂದ ಐತಿ, ಜ್ವಾಕಿ" ಎಂದಿದ್ದಳು. ಪುಸ್ತಕದಲ್ಲೂ ಇರದಿದ್ದರೆ ತನ್ನ ನಂತರ ಆ ಹೆಸರನ್ನು ನೆನೆಯುವವರು ಯಾರು?

ದಡದಡ ಮನೆಗೆ ಹೋದವಳು ಕೌದಿ ಹೊತ್ತು ತಂದು ಕಟ್ಟೆಯ ತುಂಬ ಹಾಸಿದಳು.

"ತಗೋರಿ ದಾಖಲೆ. ಆಕಿ ರೊಕ್ಕಾ ಮುಟ್ಟಲಿಲ್ಲ. ಕೂಸಿಗೆ ಮೊದಲ ಸುತ್ತಿದ ಹಳೀ ಅರಬಿಯೊಳಗ ಗೇಣಗಲ ತುಂಡ ಇಸ್ಕೊಂಡು ಇದಕ್ಕ ಹಚ್ಚತಿದ್ಲು, ಯಾವುದು ಯಾರದಂತ ನನಗ ಹೇಳತಿದ್ಲು. ಈ ಇಳಕಲ್ ಸೆರಗು ತಳವಾರ ಓಣಿ ಅವಳಿ-ಜವಳಿದು. ಈ ಹಸರ ಕುಬಸದ ತುಂಡು ನಿಮ್ಮಪ್ಪಂದು, ಮಾಸ್ತರ. ಬೆಣ್ಣಿಹಳ್ಳಕ್ಕ ಮಹಾಪೂರ ಬಂದ ದಿನಾ ಹುಟ್ಟಿದಾಂವ."

ಹೇಮಂತರು ಕನ್ನಡಕ ತೆಗೆದು ಬಗ್ಗಿದರು. ಆ ತುಂಡಿನ ಮೇಲೆ ಬೆರಳಿಟ್ಟವರು ಬಹಳ ಹೊತ್ತು ತೆಗೆಯಲಿಲ್ಲ.

ಅಷ್ಟರಲ್ಲಿ ಮಂದಿ ಮುಗಿಬಿದ್ದರು. ಗಿರಿಜಾ ಮೀಸೆಯ ಶಂಭುಲಿಂಗಪ್ಪ, ಊರಿನ ದೊಡ್ಡ ಜಮೀನುದಾರ, ಎಲ್ಲರನ್ನೂ ಸರಿಸಿ ಬಂದ.

"ಯಕ್ಕಾ, ನಂದ್ಯಾವ್ದ ತೋರಸಬೇ. ರೇಶಿಮಿದ ಇರಬೇಕು!"

"ನಿಂದ? ಇಲ್ಲೈತಿ ನೋಡೋ, ಜ್ವಾಳದ ಚೀಲ. ಹಿಡದ ಮಳಿ, ಮನ್ಯಾಗಿನ ಅರಬಿ ಎಲ್ಲಾ ತೊಯ್ದಿದ್ವು. ಚೀಲದಾಗ ಸುತ್ತಿದ್ಲು ನಿನ್ನ!"

ಕಟ್ಟೆಯೇ ಉರುಳುವಂತೆ ನಕ್ಕರು. ಶಂಭುಲಿಂಗಪ್ಪನೂ ಬೆನ್ನು ಕೆರೆದುಕೊಳ್ಳುತ್ತ, "ಅದಕ್ಕ ಇನ್ನೂ ಮೈ ತುರಸ್ತೈತಿ!" ಎಂದು ನಕ್ಕ. ಆಮೇಲೆ ಯಾರಿಗೂ ಕಾಣದಂತೆ ಆ ಗೋಣಿ ತುಂಡನ್ನು ಸವರಿದ.

"ಪ್ರೆಸ್ಸು ಎಂಟ ದಿನಾ ಕಾಯ್ಲಿ," ಎಂದು ಹೇಮಂತರು ಹೊಸ ಹಾಳೆ ತೆಗೆದರು. "ಹೇಳ್ರಿ ಆಯಿ, ಎಲ್ಲಿಂದ ಸುರು ಮಾಡೂಣು?"

"ಮೊದಲ ಜಮಾಲಬಿ ಅಂತ ಬರೀರಿ. ನಾವೆಲ್ಲಾ ಆಕಿ ಹಿಂದ."

"ಮಾಸ್ತರ," ಶಂಭುಲಿಂಗಪ್ಪ ಮೆಲ್ಲಗೆ ಅಂದ, "ಚೀಲದ ಸುದ್ದಿ ಒಂದ ಬಿಡ್ರಿ."

"ಹ್ಯಾಂಗ ಬಿಡ್ಲಿ ಕಾಕಾ? ದಾಖಲೆ ಐತೆಲ್ರಿ!"