ಮುಸ್ಸಂಜೆಗೆ ತೆರೆದ ಬಾಗಿಲು

ದಿಲ್ಲಿಯಲ್ಲಿ ಮನೆಗಷ್ಟೇ ಅಲ್ಲ, ಕೇರಿಗೂ ಬಾಗಿಲು! ಬಂದ ದಿನ ಕತ್ತಲಾಗುತ್ತಲೇ ಹಳೇ ದಿಲ್ಲಿಯ ನಮ್ಮ ಗಲ್ಲಿಯ ತುದಿಯಲ್ಲಿ ಆನೆಗಾತ್ರದ ಕದ ಕಿರುಗುಟ್ಟಿ ಮುಚ್ಚಿಕೊಂಡಿತು. ನಾನೂ ಹೆಂಡತಿ ದೇವಿಯೂ ಜೈಲಿಗೆ ಬಿದ್ದೆವೆಂದೇ ತಿಳಿದೆವು. ಅದನ್ನು ಫಾಟಕ್ ಎನ್ನುತ್ತಾರೆ. ಕಾಲಕಾಲಕ್ಕೆ ಈ ರಾಜಧಾನಿಯನ್ನು ದೋಚಲು ಬಂದವರ ಭಯಕ್ಕೆ ಕಟ್ಟಿದ್ದಂತೆ. ಕಡಲತಡಿಯ ನಮ್ಮೂರು ಕಾಸರಕೋಡಿನಲ್ಲಿ ಒಣಮೀನಿಗೆ ಕಾಗೆಗಳ ಕಾಟ ಬಿಟ್ಟರೆ ಬೇರೆ ಕಳ್ಳರ ಹೆದರಿಕೆಯಿಲ್ಲ.

ಮನೆಯ ಮಾಲೀಕ ರಹೀಮ್ ಚಾಚಾ ಪಕ್ಕದಲ್ಲೇ ಇದ್ದರು. ಪುಸ್ತಕಗಳಿಗೆ ರಟ್ಟು ಕಟ್ಟುವ ಒಂಟಿ ಮುದುಕ. ನಮಗೆ ಹಿಂದೂಸ್ತಾನಿ ಕಲಿಸಿದವರು ಅವರೇ. ದೇವಿ ಮುಸ್ಸಂಜೆ ದೀಪ ಹಚ್ಚಿ, ಲಕ್ಷ್ಮಿ ಬರಲೆಂದು ಬಾಗಿಲು ಹಾರುಹೊಡೆದಿಟ್ಟರೆ, "ಚಿಲಕ ಹಾಕಮ್ಮ, ಇದು ದಿಲ್ಲಿ" ಎಂದು ಗದರುತ್ತಿದ್ದರು.

"ದೀಪ ಹಚ್ಚೂ ಹೊತ್ತಲ್ಲಿ ಬಾಗ್ಲು ಹಾಕೂದಾ? ಎಂತ ಅನಿಷ್ಟ ಚಾಚಾ!" ಎಂದು ಇವಳು ಕನ್ನಡದಲ್ಲೇ ದಬಾಯಿಸುತ್ತಿದ್ದಳು.

ನಲವತ್ತೇಳರ ಆಗಸ್ಟಿನಲ್ಲಿ ನಾನು ಗುಮಾಸ್ತನಾಗಿದ್ದ ಕಚೇರಿಯ ಮೇಲೆ ಹೊಸ ಬಾವುಟ ಏರಿತು. ಮರುತಿಂಗಳು ಗಲ್ಲಿಗಳಲ್ಲಿ ಹೆಣಗಳು ಬಿದ್ದವು. ಪಂಜಾಬಿನಿಂದ ಸರ್ವಸ್ವ ಕಳೆದುಕೊಂಡು ಬಂದವರ ಸಂಕಟಕ್ಕೆ ಇಲ್ಲಿನ ಪುಢಾರಿಗಳು ಎಣ್ಣೆ ಹೊಯ್ದರು. ಕಚೇರಿಯೊಳಗೆ ಯಾರಿಗೆ ಯಾವ ಖಾತೆ ಎಂಬ ಹರಟೆ. ಹೊರಗೆ ಚರಂಡಿಯಲ್ಲಿ ಬಳೆ ತೊಟ್ಟ ಕೈ. ನಾನು ಎರಡನ್ನೂ ದಾಟಿ ಮನೆ ಸೇರುತ್ತಿದ್ದೆ.

ಒಂದು ಮಧ್ಯಾಹ್ನ ಇಸ್ಮಾಯಿಲ್ ಸಾಹೇಬರು ಓಡಿಬಂದರು. ನಮ್ಮ ಕಡೆಯವರೇ, ಭಟ್ಕಳದ ಬಳಿಯ ಹೆಬಳೆಯವರು, ಇಲ್ಲಿ ಬಟ್ಟೆ ವ್ಯಾಪಾರಿ. ದಂಗೆಕೋರರು ಅವರ ಅಂಗಡಿ ಸುಟ್ಟಿದ್ದರು, ತಲೆ ಒಡೆದಿದ್ದರು.

"ತಂಗಿ, ಇವತ್ತೊಂದಿನ ಇಲ್ಲಿರ್ಲಾ?"

"ಎಂತ ಕೇಳೂದು ಸಾಹೇಬ್ರೇ? ಒಳಗೆ ಬನ್ನಿ."

ದೇವಿ ಗಾಯಕ್ಕೆ ಸೀರೆ ಹರಿದು ಕಟ್ಟಿ, ಸೌದೆ ರಾಶಿಯ ಹಿಂದೆ ಅವರನ್ನು ಕೂರಿಸಿದಳು. ಚಾಚಾರನ್ನೂ ಕರೆದೆ. "ನನ್ನ ಮನೆ, ನನ್ನ ಚಿಲಕ" ಎಂದು ಅವರು ಬರಲಿಲ್ಲ.

ಸಂಜೆಗೆ ಗುಂಪು ಫಾಟಕ್ ಮುರಿದು ನುಗ್ಗಿತು. ನಾನು ಚಿಲಕ ಹಾಕಿ ಬೆವರುತ್ತ ನಿಂತಿದ್ದೆ. ಹೊತ್ತು ನೋಡಿ ದೇವಿ ದೀಪ ಹಚ್ಚಿದಳು. ಹಚ್ಚಿದವಳು, ಹುಟ್ಟಿದಾರಭ್ಯದ ರೂಢಿಯಂತೆ, ಹೋಗಿ ಎರಡೂ ಕದ ತೆರೆದೇಬಿಟ್ಟಳು. ಎದುರಿಗೇ ರಕ್ತ ಹತ್ತಿದ ಕೊಡಲಿಗಳು.

ಮುಂದಿದ್ದವನು ದೀಪ ನೋಡಿದ, ಅವಳನ್ನು ನೋಡಿದ. "ಹೀಗೆ ಬಾಗಿಲು ತೆರೆದವರು ಯಾರನ್ನು ಬಚ್ಚಿಟ್ಟಾರು?" ಎಂದು ನಕ್ಕು, ಪಕ್ಕದ ಮುಚ್ಚಿದ ಬಾಗಿಲಿನತ್ತ ತಿರುಗಿದ. ಚಾಚಾರ ಚಿಲಕ ಗಟ್ಟಿಯಿತ್ತು. ಬಹಳ ಹೊತ್ತು ತಡೆಯಿತು. ಅದು ಮುರಿದ ಮೇಲೆ ಅವರು ದೇವರನ್ನು ಕೂಗಿದರು, ಆಮೇಲೆ ದೇವಿಯನ್ನು ಕೂಗಿದರು. ಇವಳು ಹೊಸ್ತಿಲ ಮೇಲೆ ಕುಸಿದಳು.

ಸಾಹೇಬರು ನಿರಾಶ್ರಿತರ ಶಿಬಿರ ಸೇರಿ, ಹೇಗೋ ಊರು ಮುಟ್ಟಿದರು. ಚಾಚಾರ ಮನೆಯಲ್ಲೀಗ ಲಾಹೋರಿನ ಸಂಸಾರವಿದೆ. ಅವರ ಮನೆಯ ಬಾಗಿಲೂ ಅಲ್ಲಿ ಹಾಗೆಯೇ ಮುರಿದಿತ್ತಂತೆ. ದೇವಿ ಈಗಲೂ ಮುಸ್ಸಂಜೆಗೆ ಬಾಗಿಲು ತೆರೆಯುತ್ತಾಳೆ. ದಿಲ್ಲಿಯಲ್ಲಿ ನಾನು ತಡೆಯುವುದಿಲ್ಲ.

ಮರುವರ್ಷ ಕಾಸರಕೋಡಿಗೆ ಹೋದಾಗ ಸಾಹೇಬರು ನೋಡಲು ಬಂದಿದ್ದರು. ಅಮ್ಮ ದೀಪ ಹಚ್ಚಿ ಬಾಗಿಲು ತೆರೆದಳು. ಹೊರಗಿನ ಕತ್ತಲಲ್ಲಿ ನನಗೆ ಆ ಕೊಡಲಿಗಳೇ ಕಂಡವು. ಎದ್ದುಹೋಗಿ ಮುಚ್ಚಿದೆ.

"ಎಂತಾ ಆತೋ ನಿಂಗೆ? ಲಕ್ಷ್ಮಿ ಬರೂ ಹೊತ್ತು, ತೆಗಿ!" ಎಂದು ಅಮ್ಮ ರೇಗಿದಳು.

ನನ್ನ ಕೈ ತುಕ್ಕು ಹಿಡಿದ ಚಿಲಕದ ಮೇಲಿತ್ತು. ಅದರ ಮೇಲೆ ಸಾಹೇಬರ ಕೈಯೂ ಇತ್ತು, ಕದ ತೆರೆಯದಂತೆ ಒತ್ತಿ ಹಿಡಿದಿತ್ತು.