ಗಿರಿಜಕ್ಕ ಕೊಟ್ಟ ತರಬೇತಿ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಅಲರ್ಜಿ. ಎದುರಿಗೇ ನಕ್ಕುಬಿಡುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಹೇಳಹೊರಟಿದ್ದೇನೆ, ನೀವು ನಂಬಲೇಬೇಕೆಂದಿಲ್ಲ.

ನಾಯಂಡಹಳ್ಳಿಯ ನಮ್ಮ ಆಫೀಸಿನಲ್ಲಿ ವಿದೇಶದ ಆಸ್ಪತ್ರೆಯೊಂದರ ರೋಗಿಗಳ ಕಡತ ಜೋಡಿಸುವ ಕೆಲಸ. ನನಗೆ ಕಲಿಸಿದವರು ದಾವಣಗೆರೆ ಕಡೆಯ ಗಿರಿಜಕ್ಕ. ಆ ದೇಶದಲ್ಲಿ ಎಷ್ಟೋ ಮನೆಗಳಲ್ಲಿ ಅಪ್ಪನ ಹೆಸರನ್ನೇ ಮಗನಿಗೂ ಇಡುತ್ತಾರೆ. ಹೆಸರು ಒಂದೇ, ವಿಳಾಸ ಒಂದೇ. ಕಂಪ್ಯೂಟರ್ ಇಬ್ಬರ ಕಡತವನ್ನೂ ಕೂಡಿಸಿಬಿಡುತ್ತಿತ್ತು. "ನಮ್ಮಲ್ಲಿ ತಾತನ ಹೆಸರು ಮೊಮ್ಮಗನಿಗೆ ಇಡೋದಿಲ್ಲೇನವ್ವ? ಒಬ್ರನ್ನ ಕೂಗಿದ್ರೆ ಇಬ್ರು ತಿರುಗ್ತಾರೆ. ಹುಟ್ಟಿದ ತಾರೀಕು ನೋಡು," ಅನ್ನುತ್ತಿದ್ದರು. ಇದು ಯಾವ ಕೈಪಿಡಿಯಲ್ಲೂ ಇರಲಿಲ್ಲ.

ಆಮೇಲೆ ಕೆಲಸವನ್ನು ವಿಯೆಟ್ನಾಮಿಗೆ ಸಾಗಿಸುವುದೆಂದಾಯಿತು. ಅಲ್ಲಿ ಅಗ್ಗವಂತೆ. ಹಿಂದೊಮ್ಮೆ ಇದೇ ಕಾರಣಕ್ಕೆ ಅದು ನಮ್ಮ ಕೈಗೆ ಬಂದಿತ್ತು, ಅದು ಬೇರೆ ಮಾತು. ಹನ್ನೊಂದು ವರ್ಷ ದುಡಿದ ಗಿರಿಜಕ್ಕನನ್ನು ಮೊದಲು ಕೆಲಸದಿಂದ ಕಳಿಸಿದರು. ಮ್ಯಾನೇಜರ್ ಕೇಕ್ ಕತ್ತರಿಸಿ ಫೋಟೊ ಹೊಡೆಸಿಕೊಂಡ. ಎರಡೇ ತಿಂಗಳಿಗೆ ಗಿರಿಜಕ್ಕ ಹೃದಯಾಘಾತವಾಗಿ ತೀರಿಕೊಂಡರು. ಬಾಪೂಜಿ ನಗರದ ಮನೆಯಲ್ಲಿ ಹಣೆ ತುಂಬ ವಿಭೂತಿ ಬಳಿದು ಅವರನ್ನು ಕೂರಿಸಿದ್ದರು. ಮ್ಯಾನೇಜರ್ ಬರಲಿಲ್ಲ.

ವಿಯೆಟ್ನಾಮಿನ ಹೊಸಬರಿಗೆ ಕಲಿಸುವ ಸರದಿ ನನ್ನದಾಯಿತು. "ಕ್ವಾಲಿಟಿ ಡ್ರಾಪ್ ಆಗ್ಬಾರ್ದು ನೋಡಿ, ಫುಲ್ ಕೋಆಪರೇಟ್ ಮಾಡಿ," ಎಂದ ಆ ಪುಣ್ಯಾತ್ಮ. ನಮ್ಮ ಗುಂಡಿ ನಾವೇ ತೋಡಿಕೊಳ್ಳುವ ಕೆಲಸಕ್ಕೆ ಉಪದೇಶ ಬೇರೆ!

ವಿಡಿಯೊ ಕರೆಯಲ್ಲಿ ಸಿಕ್ಕವಳು ಲಿನ್ ಎಂಬ ಹುಡುಗಿ. ಅವರ ಮನೆಗಳಲ್ಲಿ ಹಿರಿಯರ ಹೆಸರನ್ನು ಮಕ್ಕಳಿಗಿಡುವುದು ಅಗೌರವವಂತೆ, ಅವಳೇ ಒಮ್ಮೆ ಹೇಳಿದ್ದಳು. ಅಪ್ಪ ಮಗನಿಗೆ ಒಂದೇ ಹೆಸರಿದ್ದೀತೆಂದು ಅವಳಿಗೆ ತಾನಾಗಿ ಹೊಳೆಯುವಂತಿರಲಿಲ್ಲ. ಆಗಲೇ ನಿರ್ಧರಿಸಿದೆ, ಹುಟ್ಟಿದ ತಾರೀಕಿನ ವಿಷಯ ಬಾಯಿ ಬಿಡುವುದಿಲ್ಲ. ಕಡತಗಳು ಕಲಸಿಹೋಗಲಿ, ಮ್ಯಾನೇಜರ್ ಮಣ್ಣು ಮುಕ್ಕಲಿ. ಅಪ್ಪನ ಮಾತ್ರೆ ಮಗನ ಹೊಟ್ಟೆಗೆ ಹೋದೀತು ಎಂಬುದು ಹೊಳೆಯಲಿಲ್ಲವೆಂದರೆ ಸುಳ್ಳಾದೀತು. ಹೊಳೆಯಿತು. ಸುಮ್ಮನಿದ್ದೆ.

ಕೊನೆಯ ದಿನ ಲಿನ್ ಕಲಿತದ್ದನ್ನೆಲ್ಲ ಇಂಗ್ಲಿಷಿನಲ್ಲಿ ಒಪ್ಪಿಸಿದಳು. ನಡುವೆ, "ಒಬ್ಬರನ್ನು ಕೂಗಿದರೆ ಇಬ್ಬರು ತಿರುಗುತ್ತಾರೆ, ಅದಕ್ಕೇ ಹುಟ್ಟಿದ ತಾರೀಕು ನೋಡಬೇಕು," ಎಂದಳು. ಗಿರಿಜಕ್ಕನನ್ನು ಅವಳು ಯಾವತ್ತೂ ನೋಡಿರಲಿಲ್ಲ. ಯಾರು ಹೇಳಿದರೆಂದು ಕೇಳಿದೆ. ನಿನ್ನೆ ನಾನು ಊಟಕ್ಕೆ ಎದ್ದು ಹೋದಾಗ ಬಂದು ಕೂತ ಮೇಡಂ ಅಂತೆ. ಹಣೆಗೆ ಬೂದಿ ಹಚ್ಚಿದ್ದರಂತೆ.

ಕರೆಗಳೆಲ್ಲ ರೆಕಾರ್ಡ್ ಆಗುತ್ತಿದ್ದವು. ನಿನ್ನೆಯದನ್ನು ಹಾಕಿ ನೋಡಿದೆ. ನಮ್ಮ ಕಡೆ ನನ್ನ ಖಾಲಿ ಕುರ್ಚಿ, ಸದ್ದಿಲ್ಲ. ಆ ಕಡೆ ಲಿನ್ ತಲೆಯಾಡಿಸುತ್ತಾಳೆ, ಪ್ರಶ್ನೆ ಕೇಳುತ್ತಾಳೆ, ಬರೆದುಕೊಳ್ಳುತ್ತಾಳೆ. ಹೀಗೇ ಅರ್ಧ ಗಂಟೆ. ನನಗೆ ಭಯಕ್ಕಿಂತ ಮೊದಲು ಗಿರಿಜಕ್ಕನ ಮೇಲೆ ಕೆಟ್ಟ ಸಿಟ್ಟು ಬಂತು. ಸತ್ತ ಮೇಲೂ ಈ ಜನಕ್ಕೆ ಬಿಟ್ಟಿ ಚಾಕರಿಯೇ? ನಿಮಗೋಸ್ಕರ ತಾನೇ ನಾನು ಹಲ್ಲು ಮಸೆದಿದ್ದು?

ಕೊನೆಯಲ್ಲಿ ಲಿನ್, "ಮೇಡಂ, ನಿಮಗೆ ನಮ್ಮ ಮೇಲೆ ಸಿಟ್ಟಿಲ್ಲವೇ?" ಎಂದು ಕೇಳುತ್ತಾಳೆ. ಬಹಳ ಹೊತ್ತು ಕೇಳಿಸಿಕೊಳ್ಳುತ್ತಾಳೆ. ಆಮೇಲೆ ಕಣ್ಣೊರೆಸಿಕೊಳ್ಳುತ್ತಾಳೆ.

ಅವರು ಕೊಟ್ಟ ಉತ್ತರವೇನು? ಲಿನ್‌ಳನ್ನು ಕೇಳಿದೆ, ಗದರಿದೆ, ಅಂಗಲಾಚಿದೆ. ಅವಳು ತಲೆ ಅಲ್ಲಾಡಿಸಿಬಿಟ್ಟಳು.

"ನಿಮಗೆ ಮಾತ್ರ ಹೇಳಬೇಡ ಅಂದಿದ್ದಾರೆ."