ಗಾಜಿನ ಹಿಂದಿದ್ದ ನಮ್ಮ ಮುಖಗಳು

ಅಫಜಲಪುರದ ಬಸ್ ನಿಲ್ದಾಣದ ಎದುರಿನ ಸ್ಟುಡಿಯೋದ ಗಾಜಿನೊಳಗಿಂದ ನನ್ನ ಮುಖವೇ ನನ್ನನ್ನು ನೋಡುತ್ತಿತ್ತು. ಪಕ್ಕದಲ್ಲಿ ನನ್ನ ಗೆಳತಿಯರ ಮುಖಗಳು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿಗೆಂದು ಶಾಲೆಗೇ ಬಂದು ತೆಗೆದಿದ್ದ ಫೋಟೊಗಳನ್ನು ಸ್ಟುಡಿಯೋದವನು ದೊಡ್ಡದು ಮಾಡಿಸಿ ಅಂಗಡಿಯ ಅಂದಕ್ಕೆ ಇಟ್ಟಿದ್ದ. ನಮ್ಮನ್ನು ಒಂದು ಮಾತು ಕೇಳಿರಲಿಲ್ಲ. ಮುಂದೆ ನಿಂತ ಪುಂಡ ಹುಡುಗರು ಒಬ್ಬೊಬ್ಬರನ್ನೇ ಬೆರಳು ತೋರಿಸಿ, ಯಾರು ಯಾವ ಓಣಿಯವಳೆಂದು ತಮ್ಮತಮ್ಮಲ್ಲೇ ವಿಚಾರಿಸುತ್ತಿದ್ದರು. ನನ್ನ ಜೊತೆಗಿದ್ದ ಅಪ್ಪ ಅಲ್ಲೇ ಹೇಳಿಬಿಟ್ಟ: “ನಾಳಿಂದ ಸಾಲಿ ಬ್ಯಾಡ.”

ಮರುದಿನ ಸುದ್ದಿ ತಿಳಿದ ನಮ್ಮ ಅಕ್ಕೋರು, ಅಂದರೆ ತರಗತಿಯ ಶಿಕ್ಷಕಿ, ಮನೆಗೆ ಬಂದರು. ಅಪ್ಪನನ್ನೂ ನನ್ನನ್ನೂ ಎಬ್ಬಿಸಿಕೊಂಡು ನೇರ ಸ್ಟುಡಿಯೋಗೆ ನಡೆದರು.

“ಚಂದ ಬಂದಾವಂತ ಇಟ್ಟೀನ್ರಿ, ತಪ್ಪೇನ್ರಿ?” ಎಂದು ಅವನು ನಕ್ಕ.

“ಇದರಾಗ ನಿಮ್ಮ ಮಗಳ ಫೋಟೊ ಎಲ್ಲಿ ಅದ್ರಿ?” ಎಂದರು ಅಕ್ಕೋರು.

ಅವನ ನಗು ನಿಂತಿತು. ಗಾಜು ಸರಿಸಿ ಒಂದೊಂದೇ ಫೋಟೊ ತೆಗೆದುಕೊಟ್ಟ. ಆದರೂ ಅಕ್ಕೋರು ಕದಲಲಿಲ್ಲ. ನೆಗೆಟಿವ್‌ಗಳೂ ಕೈಗೆ ಬಂದ ಮೇಲೆಯೇ ಅಂಗಡಿಯ ಮೆಟ್ಟಿಲಿಳಿದರು. ಶಾಲೆಯ ಗೇಟು ಬಂದಾಗ ಅಪ್ಪ ನಿಂತು, “ಒಳಗ ಹೋಗವ್ವಾ” ಎಂದ.

ಮುಂದೆ ನಾನೂ ಜೇವರ್ಗಿಯಲ್ಲಿ ಶಿಕ್ಷಕಿಯಾದೆ. ಪ್ರತಿ ವರ್ಷ ಪರೀಕ್ಷೆಯ ಫೋಟೊಗಳಾದ ಮೇಲೆ ನಾನೇ ಸ್ಟುಡಿಯೋಗೆ ಹೋಗಿ, ಹುಡುಗಿಯರ ನೆಗೆಟಿವ್‌ಗಳನ್ನು ಪಟ್ಟು ಹಿಡಿದು ಕೇಳಿ ತಂದು ಅವರವರ ಕೈಗೇ ಕೊಡುತ್ತಿದ್ದೆ. ಸ್ಟುಡಿಯೋದವರು ನನ್ನನ್ನು ಜಗಳಗಂಟಿ ಎನ್ನುತ್ತಿದ್ದರಂತೆ. ಅನ್ನಲಿ.